ಬೆಳ್ಳಿ ತಟ್ಟೆಯ ಮೇಲೆ ಹೊಗೆಸೊಪ್ಪು

ಅಹಮದಾಬಾದಿನಿಂದ ವಡೋದರಾಕ್ಕೆ ಚಳಿಗಾಲದಲ್ಲಿ ರೈಲುಪ್ರಯಾಣ ಮಾಡಿದವರಿಗೆ ನಡಿಯಾದ್, ಆಣಂದ್ ನಿಲ್ದಾಣಗಳ ಆಸುಪಾಸಿನಲ್ಲಿ ಅಗಲವಾದ ಎಲೆಗಳ ಹಸುರು ಹೊಲಗಳು ಕಣ್ಣಿಗೆ ಬಿದ್ದಿರಬಹುದು. ಇದು ಚರೋತರ ಸೀಮೆ, ಬೆಳೆ ಹೊಗೆಸೊಪ್ಪು. ಇದರ ಒಂದು ಭಾಗವಾದ ಪೇಟ್ಲಾದ್ ಹಿಂದೆ ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ನಮ್ಮ ನಿಪ್ಪಾಣಿ ಕಡೆಯವರು ಈ ಹೊಲಗಳನ್ನು ಕಂಡರೆ ಊರಿಗೇ ಬಂದೆವೇನೋ ಎಂದುಕೊಂಡಾರು. ಬೀಡಿ ತಂಬಾಕಿನ ಬೆಳೆಯಲ್ಲಿ ಈ ಎರಡು ಸೀಮೆಗಳದೂ ದಾಯಾದಿಗಳ ಸಂಬಂಧ.

ಬೀಡಿ ಬಡವರ ಪಾಲಿನದು. ಅಹಮದಾಬಾದು, ವಡೋದರಾ, ಸೂರತ್ ನಗರಗಳ ಉಳ್ಳವರಲ್ಲಿ ಕೆಲವರಿಗೆ ವಿದೇಶದ ಸಿಗಾರುಗಳನ್ನು ಕೊಂಡು, ಕಾಪಾಡಿ, ಸವಿಯುವ ಹವ್ಯಾಸವಿದೆ. ನಮ್ಮ ಹಳ್ಳಿಯ ಚುಟ್ಟಕ್ಕೆ ಅದು ದೂರದ ಶ್ರೀಮಂತ ನೆಂಟ. ಅದನ್ನು ಬೆರಳಿನಿಂದ ಮೆತ್ತಗೆ ಒತ್ತಿ ನೋಡುವುದೇನು, ಮೂಗಿನ ಬಳಿ ಹಿಡಿಯುವುದೇನು, ತುದಿಯನ್ನು ಕತ್ತರಿಸಲು ಬೇರೆ ಕತ್ತರಿ, ಇಡಲು ಮರದ ಪೆಟ್ಟಿಗೆ! ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ತೇವ ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿರಬೇಕಂತೆ. ಅಹಮದಾಬಾದಿನ ಬೇಸಗೆಯಲ್ಲಿ ಎಲೆ ಒಣಗಿ ಬಿರಿಯುವ ಭಯ, ಸೂರತ್ತಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಭಯ. ಇದೆಲ್ಲ ಪಶ್ಚಿಮದಿಂದ ಕಲಿತ ಶೋಕಿ ಎಂದು ನಾವೂ ಎಣಿಸಿದ್ದೆವು. ಆದರೆ ಹೊಗೆಯನ್ನು ರಸಿಕತೆಯ ವಸ್ತುವಾಗಿ ಅಲಂಕರಿಸಿ ಮುಂದಿಟ್ಟ ಕಥೆಯೊಂದು ನಮ್ಮ ವಿಜಾಪುರದಿಂದಲೇ ಹೊರಟಿದೆ.

ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬವನು ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಹೋಗಿದ್ದ. ಉತ್ತರದಲ್ಲಿ ತಾನು ಕಂಡಿರದ ತಂಬಾಕನ್ನು ಅವನು ವಿಜಾಪುರದಲ್ಲಿ ಕಂಡ. ಹಿಂದಿರುಗಿದ ಮೇಲೆ, 1604-05ರ ಸುಮಾರಿಗೆ, ಅದನ್ನು ಬಾದಶಹನ ಮುಂದಿಟ್ಟ ವಿವರವನ್ನು ಅವನೇ ಬರೆದಿಟ್ಟಿದ್ದಾನೆ. ಸೇದುವ ಕೊಳವೆ ಸುಮಾತ್ರಾ ದ್ವೀಪದ ಅಚೀನಿನದು, ಮೂರು ಮೊಳ ಉದ್ದ. ಎರಡು ತುದಿಗಳಿಗೂ ರತ್ನ ಮತ್ತು ಮೀನಾಕಾರಿ ಕೆಲಸ. ಬಾಯಿಗಿಡುವ ತುದಿ ಯೆಮನಿನ ಕೆಂಪು ಅಕೀಕ ಕಲ್ಲಿನದು. ಕೆಂಡಕ್ಕೆ ಚಿನ್ನದ ಪಾತ್ರೆ. ಆದಿಲಶಾಹ ಕೊಟ್ಟಿದ್ದ ಸೊಗಸಾದ ಎಲೆಯಡಿಕೆ ಸಂಚಿಯ ತುಂಬ ತಂಬಾಕು. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿದ್ದ. ನಮ್ಮ ತಾಂಬೂಲದ ಸಂಚಿಯೇ ಈ ಹೊಸ ಸೊಪ್ಪಿಗೂ ಮನೆಯಾಯಿತು ನೋಡಿ!

ಅಕ್ಬರನ ಕಣ್ಣು ಮೊದಲು ಬಿದ್ದದ್ದು ಆ ತಟ್ಟೆಯ ಮೇಲೆ. ಇದೇನೆಂದು ಕೇಳಿದಾಗ ಉತ್ತರ ಕೊಟ್ಟವನು ಖಾನ್-ಇ-ಆಜಮ್ ಮಿರ್ಜಾ ಅಜೀಜ್ ಕೋಕಾ. ಇದು ತಂಬಾಕು, ಮೆಕ್ಕಾ ಮದೀನಗಳಲ್ಲಿ ಎಲ್ಲರೂ ಬಲ್ಲರು ಎಂದ. ಅವನಿಗೆ ಇದು ಗೊತ್ತಿದ್ದುದು ಆಶ್ಚರ್ಯವಲ್ಲ. ಗುಜರಾತಿನ ಸುಬೇದಾರನಾಗಿದ್ದ ಅವನು 1593ರಲ್ಲಿ ಅಲ್ಲಿನ ಕರಾವಳಿಯಿಂದಲೇ ಹಡಗು ಹತ್ತಿ ಮೆಕ್ಕಾಕ್ಕೆ ಹೋಗಿ ಬಂದವನು. ವಿಜಾಪುರದ ಸರಕಿಗೆ ಆಗ್ರಾದಲ್ಲಿ ಸಾಕ್ಷಿ ನುಡಿದದ್ದು ಗುಜರಾತಿನ ಅನುಭವ ಎನ್ನಬಹುದು.

ಬಾದಶಹ ಎರಡು ಮೂರು ದಮ್ಮು ಎಳೆದ. ಹಕೀಮ ಕಂಗಾಲಾಗಿ ತಡೆದ. ಈ ಸೊಪ್ಪಿನ ಗುಣ ಪರೀಕ್ಷಿತವಾಗಿಲ್ಲ, ನಮ್ಮ ವೈದ್ಯರು ಇದರ ಬಗ್ಗೆ ಏನೂ ಬರೆದಿಲ್ಲ ಎಂಬುದು ಅವನ ವಾದ. ಯಾವ ಪದ್ಧತಿಯಾದರೂ ಒಂದು ಕಾಲಕ್ಕೆ ಹೊಸದೇ ತಾನೆ ಎಂಬುದು ಅಸದ್ ಬೇಗನ ಪ್ರತಿವಾದ. ಅಕ್ಬರ್ ಇದನ್ನು ಮೆಚ್ಚಿಕೊಂಡರೂ ತಾನು ಮಾತ್ರ ಚಟ ಹತ್ತಿಸಿಕೊಳ್ಳಲಿಲ್ಲ. ಅಮೀರ ಉಮರಾವರು ತಮಗೂ ಬೇಕೆಂದು ಕೇಳಿ ಕಳಿಸಿದರು, ವ್ಯಾಪಾರಿಗಳು ಮಾರತೊಡಗಿದರು. ಹಕೀಮನನ್ನು ಸೋಲಿಸಿದ್ದು ಅಸದ್ ಬೇಗನ ತರ್ಕವಲ್ಲ, ಆ ಬೆಳ್ಳಿ ತಟ್ಟೆ ಎಂದು ನಮಗೆ ತೋರುತ್ತದೆ. ಮಣ್ಣಿನ ಕುಡಿಕೆಯಲ್ಲಿ ತಂದಿದ್ದರೆ ಅಷ್ಟು ದೊಡ್ಡವರು ಮುಟ್ಟುತ್ತಿದ್ದರೇ?

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅಕ್ಬರನ ಮಗ ಜಹಾಂಗೀರನಿಗೆ ಹಕೀಮನ ಮಾತು ಸರಿಯೆನಿಸಿತು. ತಂಬಾಕು ಜನರ ದೇಹಪ್ರಕೃತಿಯನ್ನು ಕೆಡಿಸುತ್ತದೆಂದು 1617ರಲ್ಲಿ ಅದನ್ನು ನಿಷೇಧಿಸಿದ. ಮರುವರ್ಷ ಅವನು ಬೀಡುಬಿಟ್ಟದ್ದು ಅಹಮದಾಬಾದಿನಲ್ಲಿ. ಆ ಊರಿನ ಧೂಳಿಗೆ ಬೇಸತ್ತು 'ಗರ್ದಾಬಾದ್' ಎಂದು ಹೆಸರಿಟ್ಟವನೂ ಅವನೇ. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋನ ಜೊತೆಯಲ್ಲಿ ಪಾದ್ರಿ ಎಡ್ವರ್ಡ್ ಟೆರಿಯೂ ಆಗ ಅಲ್ಲಿದ್ದ. ನಿಷೇಧವಿದ್ದ ಕಾಲದಲ್ಲೇ ಈ ದೇಶದಲ್ಲೆಲ್ಲ ತಾನು ಕಂಡದ್ದನ್ನು ಟೆರಿ ಬರೆದಿದ್ದಾನೆ: ಜನ ತಂಬಾಕನ್ನು ಹೇರಳವಾಗಿ ಬಿತ್ತುತ್ತಾರೆ, ಆದರೆ ಹದಮಾಡಿ ಖಾರ ಬರಿಸುವುದು ತಿಳಿಯದು. ನೀರು ತುಂಬಿದ ಮಣ್ಣಿನ ಮಡಕೆಗೆ ಬಿದಿರಿನ ಕೊಳವೆ ಸಿಕ್ಕಿಸಿ ಸೇದುವುದನ್ನೂ ವರ್ಣಿಸಿದ್ದಾನೆ. ಆಸ್ಥಾನದ ತಟ್ಟೆಯಿಂದ ಇಳಿದು ತಂಬಾಕು ಮಡಕೆಗೆ ಬಂದಿತ್ತು. ಫರ್ಮಾನಿಗೆ ಬಗ್ಗುವ ಕಾಲ ಮುಗಿದಿತ್ತು.

ಮುಂದೆ ಸೂರತ್ ಬಂದರಿನ ವ್ಯಾಪಾರದಲ್ಲಿ ತಂಬಾಕಿಗೂ ಸ್ಥಾನ ದೊರೆತು, ಕೆಂಪು ಸಮುದ್ರದ ಕಡೆಗೆ ಹೋಗುವ ಹಡಗುಗಳನ್ನು ಏರಿತು. 1670ರ ದಶಕದಲ್ಲಿ ಸೂರತ್ತಿನ ಇಂಗ್ಲಿಷ್ ಕೋಠಿಯಲ್ಲಿ ವೈದ್ಯನಾಗಿದ್ದು ಕಾರವಾರ ಗೋಕರ್ಣಗಳನ್ನೂ ಸುತ್ತಿ ಬಂದ ಜಾನ್ ಫ್ರಾಯರನ ಪ್ರವಾಸಗ್ರಂಥದಲ್ಲಿ ಬೆಳ್ಳಿಯ ಗುಡಗುಡಿ ಕಾಣಿಸಿಕೊಳ್ಳುತ್ತದೆ. ಮಣ್ಣಿನದು ಬೆಳ್ಳಿಯದಾಗಿ ಮತ್ತೆ ಮೇಲಕ್ಕೇರಿತ್ತು. ಆಗ ಗುಡಗುಡಿಗೆ ಇದ್ದ ಮರ್ಯಾದೆ ಈಗ ಸಿಗಾರಿನ ಪೆಟ್ಟಿಗೆಗೆ.

ಈ ಸೊಬಗಿನ ಲೆಕ್ಕ ತೀರಿಸುವ ಜಾಗವೂ ಗುಜರಾತಿನಲ್ಲೇ ಇದೆ. ಅಹಮದಾಬಾದಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1972ರಿಂದ ಕೆಲಸಮಾಡುತ್ತಿದೆ. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಆದ್ದರಿಂದ ಅಪಾಯವಿಲ್ಲ ಎಂದು ಹವ್ಯಾಸಿಗಳು ಹೇಳುವುದುಂಟು. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಬಾಯಲ್ಲಿ ಆಡಿಸಿದರೂ ಸಾಕು ಎನ್ನುತ್ತಾರೆ ವೈದ್ಯರು. ಗುಜರಾತು 2012ರಲ್ಲಿ ಗುಟ್ಕಾ ನಿಷೇಧಿಸಿತು. ಮರುವರ್ಷ ಕರ್ನಾಟಕವೂ ಅದನ್ನೇ ಮಾಡಿತು. ಗುಜರಾತು ಹುಕ್ಕಾ ಬಾರುಗಳನ್ನು ಮುಚ್ಚಿಸಲು ಕಾನೂನು ತಂದದ್ದು 2017ರಲ್ಲಿ, ಜಹಾಂಗೀರನ ಫರ್ಮಾನಿಗೆ ಸರಿಯಾಗಿ ನಾನೂರು ವರ್ಷ ತುಂಬಿದಾಗ! ಇಬ್ರಾಹಿಂ ಆದಿಲಶಾಹನ ವಿಜಾಪುರವಿರುವ ಕರ್ನಾಟಕ ಹುಕ್ಕಾವನ್ನು ನಿಷೇಧಿಸಲು 2024ರವರೆಗೆ ಕಾಯಿತು. ಸಿಗಾರಿನ ಪೆಟ್ಟಿಗೆಗೆ ಅಂಥ ನಿಷೇಧವಿಲ್ಲ. ಅದರ ಮೇಲೆ ರೋಗದ ಚಿತ್ರವೊಂದನ್ನು ಅಚ್ಚುಮಾಡಿ ಮಾರುತ್ತಾರೆ.