ಪೈ ಪೈ ಲೆಕ್ಕ

2020ರ ಏಪ್ರಿಲ್ 1. ಊರೆಲ್ಲ ಲಾಕ್‌ಡೌನ್. ಕೊರೋನಾ ಬುಲೆಟಿನ್ ನಡುವೆ ಒಂದು ಸಾಲು ಓದಿದೆ: ಸಿಂಡಿಕೇಟ್ ಬ್ಯಾಂಕ್ ಇಂದಿನಿಂದ ಕೆನರಾ ಬ್ಯಾಂಕಿನಲ್ಲಿ ವಿಲೀನ. ಹತ್ತು ಸೆಕೆಂಡು, ಮುಂದಿನ ಸುದ್ದಿ. ಹೆಜಮಾಡಿಯಲ್ಲಿ ಬೆಳೆದ ನನಗೆ ಮಾತ್ರ ಅದು ಹತ್ತು ಸೆಕೆಂಡಿಗೆ ಮುಗಿಯಲಿಲ್ಲ.

ಬುಲೆಟಿನ್ ಮುಗಿದ ಮೇಲೆ ಡೆಸ್ಕಿನ ಹುಡುಗ ಕೇಳಿದ, "ಸರ್, ಎರಡೂ ಪೈ ಫ್ಯಾಮಿಲಿಯ ಬ್ಯಾಂಕ್ ಅಲ್ವಾ?"

ಅಲ್ಲ ಮಾರಾಯ. ಹೆಸರು ಒಂದೇ, ಮನೆ ಬೇರೆ ಬೇರೆ.

ನೋಡಿ, ಕರಾವಳಿಯ ಗೌಡ ಸಾರಸ್ವತರಲ್ಲಿ ಪೈ ಅನ್ನೋದು ಊರೂರಲ್ಲಿ ಸಿಗುವ ಹೆಸರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅದಕ್ಕೂ ಮೊದಲೇ ಅವರು ಶಾಲೆ ತೆರೆದಿದ್ದರು, ಹೆಣ್ಣುಮಕ್ಕಳಿಗೂ. ಇನ್ನು 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಶುರುಮಾಡಿದವರು ವ್ಯಾಪಾರಿ ಉಪೇಂದ್ರ ಪೈ, ಅವರ ತಮ್ಮ ಡಾಕ್ಟರ್ ಟಿ.ಎಂ.ಎ. ಪೈ, ಜೊತೆಗೆ ಇಂಜಿನಿಯರ್ ವಾಮನ ಕುಡ್ವ. ಬಂಡವಾಳ 8,000 ರೂಪಾಯಿ. ಕೈಮಗ್ಗ ನೆಲಕಚ್ಚಿದಾಗ ನೇಕಾರರಿಗೆ ಆಸರೆಯಾಗಲಿ ಅಂತ ಹುಟ್ಟಿದ ಬ್ಯಾಂಕು ಅದು. ಅದೇ ಡಾಕ್ಟರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದರು.

ಮಂಜೇಶ್ವರದಲ್ಲಿದ್ದ ಮತ್ತೊಬ್ಬ ಪೈಗೆ ಬ್ಯಾಂಕಿನ ಸಹವಾಸವೇ ಇಲ್ಲ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಏಸುವಿನ ಕೊನೆಯ ದಿನದ ಮೇಲೂ ಬುದ್ಧನ ಕೊನೆಯ ದಿನದ ಮೇಲೂ ಕಾವ್ಯ ಬರೆದ ರಾಷ್ಟ್ರಕವಿ ಗೋವಿಂದ ಪೈ.

ಹಾಗಾದರೆ ಇವರನ್ನೆಲ್ಲ ಒಂದೇ ಪ್ಯಾಕೇಜಿನಲ್ಲಿ ಕಟ್ಟಿ "ಪೈಗಳ ಸಾಮ್ರಾಜ್ಯ" ಅಂತ ತೋರಿಸಬಹುದಾ? ತೋರಿಸಬಹುದು, ಟಿಆರ್‌ಪಿಯೂ ಬಂದೀತು. ಆದರೆ 1969ರಲ್ಲಿ ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಈ ಎರಡೂ ಇದ್ದವು. ಅಲ್ಲಿಂದಾಚೆ ಅವು ಯಾವ ಪೈಯದ್ದೂ ಅಲ್ಲ.

ಉಳಿದದ್ದು ಇನ್ನೊಂದು ಪೈ. ಹಳೇ ನಾಣ್ಯದ ಪೈ. ಒಂದು ಆಣೆಗೆ ಹನ್ನೆರಡು. 1928ರಲ್ಲಿ ಸಿಂಡಿಕೇಟ್ ಪಿಗ್ಮಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ, ಅಂದರೆ 24 ಪೈ, ತಗೊಂಡು ಹೋಗ್ತಿದ್ದರು. ನನ್ನದು ಇಂಜಿನಿಯರ್ ತಲೆ, ಲೆಕ್ಕ ಹಾಕಿದೆ: ವರ್ಷಕ್ಕೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ದಿನಗೂಲಿಯವನ ಹೆಸರೂ ಬ್ಯಾಂಕಿನ ಪುಸ್ತಕ ಸೇರಿತು.

ನನ್ನಜ್ಜಿ ಹೆಜಮಾಡಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ಸಹಿ ಬರುತ್ತಿರಲಿಲ್ಲ. ಸಂಜೆ ಪಿಗ್ಮಿಯವರ ಸೈಕಲ್ ಬೆಲ್ ಕೇಳಿದರೆ ಸೆರಗಿನ ಗಂಟು ಬಿಚ್ಚುವರು. ಮಳೆಗಾಲದಲ್ಲಿ ಮೀನು ಇಲ್ಲದ ದಿನ ಕಟ್ಟಲಿಕ್ಕೆ ಬೇಕೂಂತಲೇ ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು ಚಿಲ್ಲರೆ. ನನ್ನ ಇಂಜಿನಿಯರಿಂಗಿನ ಮೊದಲ ವರ್ಷದ ಫೀಸು ಹೋದದ್ದು ಆ ದುಡ್ಡಿನಿಂದ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಜ್ಜಿಯ ಪಾಸ್‌ಬುಕ್ ಇನ್ನೂ ಕಪಾಟಿನಲ್ಲಿದೆಯಂತೆ. "ಬ್ಯಾಂಕಿನ ಹೆಸರು ಹೋಯ್ತಂತಲ್ಲ, ಇನ್ನು ಇದು ಯಾಕೆ?" ಅಂದರು.

"ಇರಲಿ ಅಮ್ಮ, ಬಿಸಾಡಬೇಡ" ಅಂದೆ.