ನಕ್ಷೆ ಬರೆಯುವ ಲೈಬ್ರರಿಯೊಂದರ ಹಿಂದಿನ ಕಥೆ

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅಂತರ್ಜಲದ ಅಧ್ಯಯನಕ್ಕೆ ಬೇಕಾದ ಲೆಕ್ಕಾಚಾರದ ತಂತ್ರಾಂಶ ಬರೆಯುವ ತಂಡದಲ್ಲಿ ಅವನಿಗೆ ಕೆಲಸ. ಕಾಫಿ ಕುಡಿಯುತ್ತಾ, "ಸಾರ್, ಲೆಕ್ಕವೆಲ್ಲ ಮುಗಿದಿದೆ. ನಕ್ಷೆ ಬರೆಯಲು ಯಾವ ಲೈಬ್ರರಿ ಹಿಡಿಯಬೇಕು ಎಂಬುದರಲ್ಲೇ ಜಗಳ. ಒಬ್ಬರದು ವಿಂಡೋಸ್, ಒಬ್ಬರದು ಮ್ಯಾಕ್, ಸರ್ವರ್ ಲಿನಕ್ಸ್. ಮೂರರಲ್ಲೂ ಒಂದೇ ಚಿತ್ರ ಬರಬೇಕು. ಹತ್ತು ವರ್ಷ ಕಳೆದ ಮೇಲೂ ಅದನ್ನು ನೋಡಿಕೊಳ್ಳುವವರಿರಬೇಕು" ಎಂದ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಬೇರೆಯವರು ಬರೆದಿಟ್ಟ, ನಾವು ಬೇಕಾದಾಗ ಕರೆದು ಬಳಸಿಕೊಳ್ಳಬಹುದಾದ ಸಿದ್ಧ ಪ್ರೋಗ್ರಾಮುಗಳ ಸಂಗ್ರಹ.

ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ನಕ್ಷಾಹಾಳೆಯ ಮೇಲೆ ಎಕ್ಸ್ ಅಕ್ಷ, ವೈ ಅಕ್ಷ ಎಳೆಸಿದ ನನಗೆ ಈ ಜಗಳ ಕುತೂಹಲ ಹುಟ್ಟಿಸಿತು. ಅವನು ಹೇಳಿಹೋದ ಹೆಸರುಗಳಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಎಂಬುದೊಂದು. ಅದರ ಚರಿತ್ರೆಯನ್ನು ಓದತೊಡಗಿದಾಗ, ಇದೇ ಆಯ್ಕೆಯ ಸಂಕಟದಿಂದಲೇ ಅದು ಹುಟ್ಟಿತೆಂದು ತಿಳಿಯಿತು.

ಜಾನ್ ಹಂಟರ್ ಎಂಬವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನರಜೀವಶಾಸ್ತ್ರದ ಸಂಶೋಧಕರು. ಮೂರ್ಛೆರೋಗಿಗಳ ಮಿದುಳಿನ ಮೇಲ್ಮೈಯಲ್ಲಿ ವಿದ್ಯುದ್ವಾರಗಳನ್ನಿರಿಸಿ ಪಡೆದ ವಿದ್ಯುತ್ ಸಂಕೇತಗಳನ್ನು ವಿಶ್ಲೇಷಿಸುವುದು ಅವರ ಕೆಲಸ. ಅವರ ತಂಡದಲ್ಲಿದ್ದುದು ಹಣ ಕೊಟ್ಟು ಕೊಂಡ ಒಂದು ತಂತ್ರಾಂಶ, ಅದಕ್ಕೆ ಒಂದೇ ಒಂದು ಪರವಾನಗಿ. ಪ್ರಯೋಗಾಲಯದವರೆಲ್ಲ ಸರದಿಯ ಮೇಲೆ ಕುಳಿತು ಕೆಲಸ ಮಾಡಬೇಕಾಗಿತ್ತು. ನಮ್ಮ ಶಾಲೆಯ ಒಂದೇ ಸೂಕ್ಷ್ಮದರ್ಶಕದ ಮುಂದೆ ಮಕ್ಕಳು ನಿಲ್ಲುತ್ತಿದ್ದ ಸಾಲು ನನಗೆ ನೆನಪಾಯಿತು. ಹಂಟರ್ ಮೊದಲು ಮ್ಯಾಟ್‌ಲ್ಯಾಬ್‌ನಲ್ಲಿ ಬದಲಿ ವ್ಯವಸ್ಥೆ ಕಟ್ಟಿದರು. ಆದರೆ ಬೇರೆ ಬೇರೆ ಮೂಲಗಳಿಂದ ದತ್ತಾಂಶ ತರುವುದು, ಗುಂಡಿ ಕಿಟಕಿಗಳಿರುವ ದೊಡ್ಡ ತಂತ್ರಾಂಶ ಕಟ್ಟುವುದು ಅದರಲ್ಲಿ ಕಷ್ಟವಾಗುತ್ತಾ ಬಂದಾಗ ಪೈಥಾನ್ ಭಾಷೆಗೆ ಹೊರಳಿದರು. ಪೈಥಾನ್‌ನಲ್ಲಿ ಎಲ್ಲವೂ ಇತ್ತು, ಮನಸ್ಸಿಗೆ ಒಪ್ಪುವ ನಕ್ಷೆ ಮಾತ್ರ ಇರಲಿಲ್ಲ.

ಅವರ ಬೇಡಿಕೆಗಳಾದರೂ ಬಹಳವೇನಲ್ಲ. ನಕ್ಷೆ ಪತ್ರಿಕೆಯಲ್ಲಿ ಅಚ್ಚಾಗುವಷ್ಟು ಅಂದವಾಗಿರಬೇಕು, ಟೆಕ್ ಲೇಖನದೊಳಗೆ ಸೇರಿಸಲು ಪೋಸ್ಟ್‌ಸ್ಕ್ರಿಪ್ಟ್ ರೂಪದಲ್ಲಿ ಸಿಗಬೇಕು, ತಮ್ಮದೇ ತಂತ್ರಾಂಶದ ಕಿಟಕಿಯೊಳಗೆ ಕೂರಬೇಕು, ಒಳಗಿನ ಬರಹ ತಮಗೆ ಅರ್ಥವಾಗಿ ತಿದ್ದಲು ಬರಬೇಕು, ಬರೆಯುವುದು ಸುಲಭವಾಗಿರಬೇಕು. ಎದುರಿಗಿದ್ದವುಗಳಲ್ಲಿ ಕೊರತೆಯಿಲ್ಲದ್ದು ಯಾವುದೂ ಇರಲಿಲ್ಲ. 1986ರಲ್ಲಿ ಬಂದ ಗ್ನುಪ್ಲಾಟ್ ಉಚಿತ, ಬಲಿಷ್ಠ (ಹೆಸರು ಹಾಗಿದ್ದರೂ ಗ್ನು ಯೋಜನೆಗೂ ಅದಕ್ಕೂ ಸಂಬಂಧವಿಲ್ಲ, ಇದು ಬಹಳ ಜನ ಬೀಳುವ ತಪ್ಪು). ಆದರೆ ಅದು ಪಕ್ಕದ ಮನೆಯವನಂತೆ ಪ್ರತ್ಯೇಕವಾಗಿ ನಡೆಯುವ ಪ್ರೋಗ್ರಾಮು. ಗೋಡೆಯಾಚೆಯಿಂದ ಕೂಗಿ ಹೇಳಬೇಕು, ಮನೆಯೊಳಗೆ ಕರೆದು ಕೂರಿಸಲಾಗದು. ಕ್ಯಾಲ್‌ಟೆಕ್‌ನ ಪಿಜಿಪ್ಲಾಟ್ ಖಗೋಳಶಾಸ್ತ್ರಜ್ಞರ ಬಳಕೆಯಲ್ಲಿದ್ದ, ಫೋರ್ಟ್ರಾನ್ ಕಾಲದ ಸಾಧನ.

2002ರಲ್ಲಿ ಹಂಟರ್ ಒಂದು ಮಧ್ಯಮಾರ್ಗ ಹಿಡಿದರು. ಐಪೈಥಾನ್ ಎಂಬ ತಂತ್ರಾಂಶದಿಂದಲೇ ಗ್ನುಪ್ಲಾಟನ್ನು ಮ್ಯಾಟ್‌ಲ್ಯಾಬ್ ರೀತಿಯಲ್ಲಿ ನಡೆಸುವ ತಿದ್ದುಪಡಿಯೊಂದನ್ನು ಬರೆದು, ಐಪೈಥಾನ್ ಕರ್ತೃ ಫರ್ನಾಂಡೊ ಪೆರೆಜ್ ಅವರಿಗೆ ಕಳುಹಿಸಿದರು. ಪೆರೆಜ್ ಆಗ ಪಿಎಚ್‌ಡಿ ಪ್ರಬಂಧ ಮುಗಿಸುವ ಗಡಿಬಿಡಿಯಲ್ಲಿದ್ದರು. ಕೆಲವು ತಿಂಗಳು ಇದನ್ನು ನೋಡಲಾಗದೆಂದು ಉತ್ತರಿಸಿದರು. ಹಂಟರ್ ಕಾಯಲಿಲ್ಲ. ತಾವೇ ಹೊಸದನ್ನು ಬರೆಯತೊಡಗಿ 2003ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು. ಪೆರೆಜ್ ಅವರ ಪ್ರಬಂಧ ಒಂದೆರಡು ತಿಂಗಳು ಮೊದಲೇ ಮುಗಿದಿದ್ದರೆ ಏನಾಗುತ್ತಿತ್ತೋ!

ನನ್ನ ಶಿಷ್ಯನ ಮುಖ್ಯ ಪ್ರಶ್ನೆಗೆ ಉತ್ತರ ಈ ಲೈಬ್ರರಿಯ ಒಳರಚನೆಯಲ್ಲಿದೆ. ಗೆರೆ, ಅಕ್ಷ, ಅಕ್ಷರ ಎಲ್ಲಿ ಬರಬೇಕೆಂದು ನಿರ್ಧರಿಸುವ ಭಾಗ ಬೇರೆ, ಅದನ್ನು ನಿಜವಾಗಿ ಬಿಡಿಸುವ ಭಾಗ ಬೇರೆ. ಈ ಎರಡನೆಯದಕ್ಕೆ ಬ್ಯಾಕೆಂಡ್ ಎನ್ನುತ್ತಾರೆ. ಮೊದಲು ಚಿತ್ರ ತೋರಿಸುತ್ತಿದ್ದುದು ಜಿಟಿಕೆ ಎಂಬ ಕಿಟಕಿ ವ್ಯವಸ್ಥೆಯಲ್ಲಿ. ಮುಂದೆ ಮ್ಯಾಕ್ಸಿಮ್ ಶೆಮನಾರೆವ್ ಅವರು ಸಿ++ ಭಾಷೆಯಲ್ಲಿ ಬರೆದ ಆಗ್ ಎಂಬ ಚಿತ್ರಕಾರನನ್ನು ಒಳಗೆ ಸೇರಿಸಿಕೊಂಡರು. ಆಗ್ ಯಾವ ಗಣಕದ ಪರದೆಯನ್ನೂ ಕೇಳದೆ ಇಡೀ ಚಿತ್ರವನ್ನು ಸ್ಮೃತಿಯಲ್ಲೇ ಚುಕ್ಕಿ ಚುಕ್ಕಿಯಾಗಿ ಬಿಡಿಸಿಬಿಡುತ್ತದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಮಾಡಬೇಕಾದದ್ದು ಸಿದ್ಧಚಿತ್ರವನ್ನು ತೋರಿಸುವುದಷ್ಟೆ. ಪರದೆಯೇ ಇಲ್ಲದ ಸರ್ವರಿನಲ್ಲೂ ನಕ್ಷೆ ಬರುವುದು ಇದರಿಂದಲೇ. ಅಕ್ಷರಗಳೂ ಎಲ್ಲೆಡೆ ಒಂದೇ ಆಗಿರಲೆಂದು ಫಾಂಟನ್ನೂ ಜೊತೆಗೇ ಕೊಡುತ್ತಾರೆ. ಆ ಫಾಂಟಿನಲ್ಲಿ ಕನ್ನಡವಿಲ್ಲ. ಕನ್ನಡದ ಫಾಂಟ್ ಕೊಟ್ಟರೂ ಬಹುಕಾಲ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತಿರಲಿಲ್ಲ ಎಂಬುದು ನನ್ನಂಥವನಿಗೆ ಸ್ವಲ್ಪ ಬೇಸರದ ಸಂಗತಿ.

ಹಬಲ್ ದೂರದರ್ಶಕದ ವಿಜ್ಞಾನ ಕಾರ್ಯವನ್ನು ನೋಡಿಕೊಳ್ಳುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್ಸ್ಟಿಟ್ಯೂಟ್ ಮೊದಲ ವರ್ಷಗಳಲ್ಲೇ ಇದನ್ನು ಆರಿಸಿಕೊಂಡು ಹಣ, ಕೆಲಸ ಎರಡನ್ನೂ ಕೊಟ್ಟಿತು. ಮಿದುಳಿಗೆಂದು ಹುಟ್ಟಿದ್ದು ಹೀಗೆ ನಕ್ಷತ್ರಗಳ ಕೈಗೆ ಹೋಯಿತು.

ಇನ್ನು, ನೋಡಿಕೊಳ್ಳುವವರ ಮಾತು. 2012ರ ಜುಲೈಯಲ್ಲಿ ಹಂಟರ್ ಸೈಪೈ ಸಮ್ಮೇಳನದಲ್ಲಿ ಪ್ರಧಾನ ಭಾಷಣ ಮಾಡಿದರು. ಸ್ವಲ್ಪ ದಿನಗಳಲ್ಲೇ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ತೊಡಕುಗಳಿಂದ ಆಗಸ್ಟ್ 28ರಂದು ತೀರಿಕೊಂಡರು. ವಯಸ್ಸು 44. ಮೂವರು ಹೆಣ್ಣುಮಕ್ಕಳ ತಂದೆ. ಒಬ್ಬರ ತಲೆಯಿಂದ ಬಂದ ವಸ್ತು ಅವರೊಂದಿಗೇ ನಿಂತುಹೋಗುವುದೇ ಹೆಚ್ಚು. ಇದು ನಿಲ್ಲಲಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಉದಾರ ಪರವಾನಗಿಯನ್ನು ಅವರು ಮೊದಲೇ ಆರಿಸಿದ್ದರು; ಮೈಕೆಲ್ ಡ್ರಾಟ್‌ಬೂಮ್ ಮುಂತಾದವರು ಹೊಣೆ ಹೊತ್ತರು.

ಹಾಗೆ ಮುಂದುವರಿದವರು ಮಾಡಿದ ಒಂದು ಕೆಲಸ ನನ್ನ ನಿದ್ದೆ ಕೆಡಿಸಿತು. ಎತ್ತರ, ಉಷ್ಣತೆಗಳನ್ನು ಬಣ್ಣದಲ್ಲಿ ತೋರಿಸಲು ಈ ಲೈಬ್ರರಿ ಮೊದಲು ಜೆಟ್ ಎಂಬ ಕಾಮನಬಿಲ್ಲಿನಂಥ ವರ್ಣಮಾಲೆಯನ್ನು ಬಳಸುತ್ತಿತ್ತು. ಅದರ ನಡುವಿನ ಹಳದಿ, ತಿಳಿನೀಲಿಗಳು ಅತಿಯಾಗಿ ಹೊಳೆದು, ದತ್ತಾಂಶದಲ್ಲಿಲ್ಲದ ಗಡಿಗಳನ್ನು ಕಣ್ಣಿಗೆ ಕಾಣಿಸುತ್ತವೆ. ಕೆಂಪು ಹಸಿರುಗಳ ಭೇದ ತಿಳಿಯದವರಿಗೆ ನಕ್ಷೆಯೇ ಒಗಟು. 2017ರ ಜನವರಿಯ ಎರಡನೆಯ ಆವೃತ್ತಿಯಿಂದ ಅದರ ಜಾಗಕ್ಕೆ ವಿರಿಡಿಸ್ ಬಂದಿತು. ಕಡು ನೇರಳೆಯಿಂದ ಹಳದಿಯವರೆಗೆ ಬೆಳಕು ಸಮನಾಗಿ ಏರುತ್ತದೆ. ಕಪ್ಪು ಬಿಳುಪಿನಲ್ಲಿ ಅಚ್ಚಾದರೂ ಓದಬಹುದು.

ತೊಂಬತ್ತರ ದಶಕದಲ್ಲಿ ಎರಡು ಸಮೀಕರಣಗಳ ನಕ್ಷೆಯನ್ನು ನಾನು ಹಲಗೆಯ ಮೇಲೆ ಕೆಂಪು, ಹಸಿರು ಸೀಮೆಸುಣ್ಣಗಳಲ್ಲಿ ಬರೆಯುತ್ತಿದ್ದೆ. "ಹಸಿರು ಗೆರೆ ಯಾವುದೋ?" ಎಂದಾಗ ಒಬ್ಬ ಹುಡುಗ ಪ್ರತಿ ಸಲವೂ ತಪ್ಪು ಗೆರೆ ತೋರಿಸುತ್ತಿದ್ದ. ಗಮನವಿಲ್ಲವೆಂದು ತರಗತಿ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ಒಂದಲ್ಲ ಹಲವು ಬಾರಿ. ವರ್ಷಗಳ ಮೇಲೆ, ರೈಲ್ವೆ ಕೆಲಸಕ್ಕೆ ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ತಿರಸ್ಕೃತನಾದನೆಂದು ಅವನ ತಮ್ಮ ಹೇಳಿದ. ಆಗಲೂ ಅಯ್ಯೋ ಎಂದು ಸುಮ್ಮನಾದೆನೇ ಹೊರತು, ಬೆಂಚಿನ ನೆನಪು ಬರಲಿಲ್ಲ.

ಅಂತರ್ಜಲದ ಶಿಷ್ಯ ಮೊನ್ನೆ ಫೋನ್ ಮಾಡಿದ್ದ. ಅವರ ತಂಡ ಮ್ಯಾಟ್‌ಪ್ಲಾಟ್‌ಲಿಬ್ ಅನ್ನೇ ಆರಿಸಿತಂತೆ. ಅವನಿಗೂ ಆ ಹುಡುಗನಿಗೂ ಒಂದೇ ಊರು. "ಅವನ ನಂಬರು ಇದ್ದರೆ ಕೊಡಪ್ಪಾ" ಎಂದು ಕೇಳಿದ್ದೇನೆ.