‘ಇದೆಂತ?’ ಎಂಬ ಪ್ರಶ್ನೆಯೂ ಮೌಸಿನ ಬಲಗುಂಡಿಯೂ

ಕುಂದಾಪುರದ ಕಡೆ ಗುರುತಿಲ್ಲದ ವಸ್ತುವೊಂದು ಕಣ್ಣಿಗೆ ಬಿದ್ದರೆ ಮೊದಲು ಬರುವ ಮಾತು ‘ಹ್ವಾಯ್, ಇದೆಂತ?’. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲೂ ಇದೇ ಪ್ರಶ್ನೆಯಿತ್ತು, ಇಂಗ್ಲಿಷಿನಲ್ಲಿ: ‘ವಾಟ್ಸ್ ದಿಸ್?’. ಪರದೆಯ ಮೇಲಿನ ಯಾವುದೋ ಬಟನ್ ಅರ್ಥವಾಗದಿದ್ದರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಬೇಕು. ಪುಟ್ಟ ಮೆನುವಿನಲ್ಲಿ ಈ ಪ್ರಶ್ನೆ ಕಾಣಿಸುತ್ತಿತ್ತು. ಅದನ್ನು ಆರಿಸಿದರೆ ತೆಳು ಹಳದಿ ಚೌಕವೊಂದು ಎದ್ದು, ಎರಡು ಮೂರು ಸಾಲಿನಲ್ಲಿ ವಿವರಣೆ ಕೊಟ್ಟು ಮರೆಯಾಗುತ್ತಿತ್ತು.

ಅದಕ್ಕೂ ಮೊದಲು ಸಹಾಯ ಬೇಕಾದವರು ಕೆಲಸ ನಿಲ್ಲಿಸಿ ಬೇರೆಡೆಗೆ ಹೋಗಬೇಕಿತ್ತು. ಮೊದಲು ದಪ್ಪ ಕೈಪಿಡಿಗಳಿದ್ದವು. 1990ರ ವಿಂಡೋಸ್ 3.0 ಜೊತೆ ‘ವಿನ್‌ಹೆಲ್ಪ್’ ಬಂತು. ಎಫ್1 ಒತ್ತಿದರೆ ಕೈಪಿಡಿಯೇ ಪರದೆಯ ಮೇಲೆ ತೆರೆಯುತ್ತಿತ್ತು. ಮರುವರ್ಷ ಆ್ಯಪಲ್ ಕಂಪನಿ ತನ್ನ ಸಿಸ್ಟಮ್ 7ರಲ್ಲಿ ‘ಬಲೂನ್ ಹೆಲ್ಪ್’ ತಂದಿತು. ವ್ಯಂಗ್ಯಚಿತ್ರದ ಮಾತಿನಂತೆ ವಿವರಣೆ ವಸ್ತುವಿನ ಪಕ್ಕದಲ್ಲೇ ಉಬ್ಬಿಕೊಳ್ಳುತ್ತಿತ್ತು. ಸಂಶಯ ಹುಟ್ಟಿದ ಜಾಗಕ್ಕೇ ಉತ್ತರ ಬರಬೇಕೆಂಬ ಈ ಯೋಚನೆಯನ್ನು ವಿಂಡೋಸ್ 95 ಬಲಗುಂಡಿಗೆ ಕಟ್ಟಿತು.

ನಮ್ಮ ಕರಾವಳಿಯವರಿಗೆ ಇದು ಹೊಸ ಕ್ರಮವೇನಲ್ಲ. ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿ ಅಲ್ಲೇ ಮಾತಿಗೆ ತೊಡಗುತ್ತಾನೆ. ಅರ್ಥ ಆ ಪದ್ಯಕ್ಕೆ, ಆ ಸಂದರ್ಭಕ್ಕೆ, ಆ ಪಾತ್ರಕ್ಕೆ ಹೊಂದಬೇಕು. ಪದ್ಯದ ಶಬ್ದಗಳನ್ನೇ ತಿರುಗಿಸಿ ಹೇಳುವವನ ಮುಂದೆ ಸಭಿಕರು ಹೆಚ್ಚು ಹೊತ್ತು ಕೂರುವುದಿಲ್ಲ. ತೊಂಬತ್ತರ ದಶಕದ ಬಹಳಷ್ಟು ಸಹಾಯಪಠ್ಯಗಳು ಸೋತದ್ದೂ ಹೀಗೆಯೇ. ‘ಹೆಸರು’ ಎಂಬ ಖಾಲಿ ಜಾಗದ ಮೇಲೆ ಬಲಗುಂಡಿ ಒತ್ತಿದರೆ ‘ಇಲ್ಲಿ ಹೆಸರು ಬರೆಯಿರಿ’ ಎಂದು ಹೇಳುತ್ತಿದ್ದವು.

ಇದರ ಒಳಗಿನ ಏರ್ಪಾಡು ಸರಳ. ಪರದೆಯ ಪ್ರತಿಯೊಂದು ಬಟನ್ನಿಗೂ ಒಂದು ಸಂಖ್ಯೆ, ಪ್ರತಿಯೊಂದು ವಿವರಣೆಗೂ ಒಂದು ಸಂಖ್ಯೆ. ಎರಡನ್ನೂ ಜೋಡಿಸುವ ಎರಡು ಕಾಲಮ್ಮಿನ ಪಟ್ಟಿಯೊಂದು ತಂತ್ರಾಂಶದೊಳಗಿರುತ್ತದೆ. ಗುಂಡಿ ಒತ್ತಿದ ಜಾಗದಲ್ಲಿ ಯಾವ ಸಂಖ್ಯೆಯಿದೆ ಎಂದು ನೋಡಿ, ಪಟ್ಟಿಯಲ್ಲಿ ಅದರ ಜೋಡಿಯನ್ನು ಹುಡುಕಿ ವಿವರಣೆ ತೋರಿಸುತ್ತದೆ.

ಕನ್ನಡಕ್ಕೆ ಅಡ್ಡ ಬಂದದ್ದು ಅಕ್ಷರ. ವಿನ್‌ಹೆಲ್ಪ್ ಅಕ್ಷರಗಳನ್ನು ಓದುತ್ತಿದ್ದದ್ದು ‘ಕೋಡ್ ಪೇಜ್’ ಎಂಬ ಕೋಷ್ಟಕಗಳ ಮೂಲಕ. ಥಾಯ್ ಭಾಷೆಗೆ 874, ವಿಯೆಟ್ನಾಮಿಗೆ 1258 ಎಂದು ಸಂಖ್ಯೆಗಳಿದ್ದವು. ಕನ್ನಡಕ್ಕೆ ವಿಂಡೋಸಿನಲ್ಲಿ ಅಂಥ ಕೋಷ್ಟಕ ಸಿಗಲೇ ಇಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು, ಆದರೆ ಹಳದಿ ಚೌಕಕ್ಕೆ ಯೂನಿಕೋಡ್ ತಿಳಿಯುತ್ತಿರಲಿಲ್ಲ.

ಹಾಗೆಂದು ಕನ್ನಡಿಗರು ಸುಮ್ಮನೆ ಕೂರಲಿಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವ ಫಾಂಟುಗಳಿಂದ ಕಚೇರಿಗಳ ಪತ್ರವ್ಯವಹಾರ ನಡೆಯಿತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮಾತ್ರ ಅದೇ ಪತ್ರ ಅರ್ಥವಿಲ್ಲದ ಚಿಹ್ನೆಗಳ ರಾಶಿ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟಿನೊಂದಿಗೆ ಬಂತು. ಕನ್ನಡ ಕಾರ್ಯಾಚರಣೆ ವ್ಯವಸ್ಥೆಯ ಒಳಗೇ ಬಂದು ಕೂತಿತು. ಆದರೆ 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಸಾರ್ವಜನಿಕರ ಕೈಗೆ ಬಂದಾಗ ವಿನ್‌ಹೆಲ್ಪ್ ಓದುವ ತಂತ್ರಾಂಶ ಅದರ ಜೊತೆಗಿರಲಿಲ್ಲ. ಕನ್ನಡದ ಅಕ್ಷರ ಬಾಗಿಲಿಗೆ ಬರುವ ಹೊತ್ತಿಗೆ ಬಲಗುಂಡಿಯ ‘ಇದೆಂತ?’ ಮನೆ ಖಾಲಿ ಮಾಡುತ್ತಿತ್ತು. ಈಗ ಎಷ್ಟೋ ತಂತ್ರಾಂಶಗಳಲ್ಲಿ ಸಹಾಯ ಕೇಳಿದರೆ ಬ್ರೌಸರ್ ತೆರೆದು ಇಂಗ್ಲಿಷಿನ ಪುಟವೊಂದು ಬರುತ್ತದೆ. ಆಟಿಯ ಮಳೆಗೆ ನೆಟ್ ಹೋದ ದಿನ ಅದೂ ಇಲ್ಲ.

ಈ ಚರಿತ್ರೆ ನನಗೆ ಬೇಕಾದದ್ದು ಹೊಟ್ಟೆಪಾಡಿನ ಕಾರಣಕ್ಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೆಲವು ಸಣ್ಣ ಕಚೇರಿಗಳಿಗೆ ನಾನು ಲೆಕ್ಕದ ತಂತ್ರಾಂಶ ಬರೆದುಕೊಡುತ್ತೇನೆ. ಈಚೆಗೆ ಅದಕ್ಕೆ ಬಲಗುಂಡಿಯ ಸಹಾಯ ಸೇರಿಸುತ್ತಿದ್ದೇನೆ. ಕೋಡ್ ಬರೆಯಲು ಎರಡು ದಿನ ಸಾಕಾಯಿತು. ವಿವರಣೆ ಬರೆಯುವುದು ಎರಡು ತಿಂಗಳಾದರೂ ಮುಗಿದಿಲ್ಲ.

‘ಪೋಸ್ಟ್’ ಎಂಬ ಬಟನ್ನನ್ನೇ ನೋಡಿ. ಲೆಕ್ಕ ಕಲಿತವರಿಗೆ ಅದರರ್ಥ ಖಾತೆಗೆ ಏರಿಸುವುದು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಗೆ ಅದು ಅಂಚೆ. ಒತ್ತಿದರೆ ಯಾರೋ ಸದಸ್ಯರ ಹಣ ತಪ್ಪು ಖಾತೆಗೆ ಹೋದೀತೆಂದು ಅವಳ ಕೈ ತಡೆಯುತ್ತದೆ. ಕೌಂಟರಿನಾಚೆ ಜನ ಕಾಯುತ್ತಿರುವಾಗ ಎಲ್ಲರೆದುರು ಕೇಳಲು ಸಂಕೋಚ. ನಾನು ಕೊನೆಗೆ ಬರೆದದ್ದು ಹೀಗಿದೆ: ‘ಇದನ್ನು ಒತ್ತಿದರೆ ಇವತ್ತಿನ ಜಮೆ ಸದಸ್ಯರ ಖಾತೆಗೆ ಏರುತ್ತದೆ. ಆಮೇಲೆ ಅಳಿಸಲು ಬರುವುದಿಲ್ಲ. ಮೊದಲು ರಶೀದಿಯ ಮೊತ್ತ ನೋಡಿಕೊಳ್ಳಿ.’ ಏನಾಗುತ್ತದೆ, ಹಿಂದೆ ಬರಬಹುದೇ, ಮೊದಲು ಏನು ನೋಡಬೇಕು: ಈ ಮೂರಕ್ಕೂ ಉತ್ತರ ಸಿಕ್ಕರೆ ತಡೆದ ಕೈ ಮುಂದೆ ಹೋಗುತ್ತದೆ.

ಇಂಥ ಮಾತಿಗೆ ಕನ್ನಡದಲ್ಲಿ ಶಕ್ತಿ ಸಾಲದು ಎನ್ನುವಂತಿಲ್ಲ. ಇಂದು ಬ್ರಹ್ಮಾವರ ತಾಲೂಕಿನಲ್ಲಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆದರು. ಜಗತ್ತನ್ನೇ ಕನ್ನಡದಲ್ಲಿ ವಿವರಿಸಿದ ಊರಿನವರಿಗೆ ಒಂದು ಬಟನ್ನು ಹೆಚ್ಚಲ್ಲ.

ಅಕ್ಷರದ ಅಡ್ಡಿ ಇಂದು ಉಳಿದಿಲ್ಲ, ಯೂನಿಕೋಡ್ ಎಲ್ಲೆಡೆ ಇದೆ. ಇಲ್ಲಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವವರು ಪ್ರಾಜೆಕ್ಟಿಗೆಂದು ಮಾಡುವ ತಂತ್ರಾಂಶದಲ್ಲಿ ಆ ಎರಡು ಕಾಲಮ್ಮಿನ ಪಟ್ಟಿಗೆ ಜಾಗವಿಡಬಹುದು. ಅದರ ಬಲಗಡೆಯ ಕಾಲಮ್ ತುಂಬಲು ಮಾತ್ರ ಸಾಹಿತ್ಯ ಓದುವವರು ಬೇಕು, ಕೌಂಟರಿನ ಮುಂದೆ ಹತ್ತು ನಿಮಿಷ ನಿಂತು ಅಲ್ಲಿನ ಮಾತು ಕೇಳಿಸಿಕೊಳ್ಳುವ ತಾಳ್ಮೆಯಿರುವವರು.